ಅಲಬಾಮಾನಾ, ಹಾರ್ವರ್ಡಾ?

ಅಮೆರಿಕದ ಕಾಲೇಜ್ ಫುಟ್‌ಬಾಲ್ ಆಡುವ ಹುಡುಗನಿಗೆ ಅಲಬಾಮಾ, ಹಾರ್ವರ್ಡ್ ಎರಡೂ ವಿಶ್ವವಿದ್ಯಾಲಯಗಳಿಂದ ಕರೆ ಬಂತು ಅಂದುಕೊಳ್ಳಿ.

ಮೊದಲು ದುಡ್ಡಿನ ಮಾತು. ಅಲಬಾಮಾದಲ್ಲಿ ಆಟಕ್ಕೇ ಸ್ಕಾಲರ್‌ಶಿಪ್ ಇದೆ. 2025ರಿಂದ ಕಾಲೇಜುಗಳು ಆಟಗಾರರಿಗೆ ನೇರವಾಗಿ ದುಡ್ಡನ್ನೂ ಕೊಡಬಹುದು. ಮೊದಲ ವರ್ಷದ ಮಿತಿ ಒಂದು ಕಾಲೇಜಿಗೆ ಎಲ್ಲ ಆಟಗಳೂ ಸೇರಿ 2.05 ಕೋಟಿ ಡಾಲರ್. ಹಾರ್ವರ್ಡ್ ಆಟಕ್ಕೆ ಬಿಡಿಗಾಸೂ ಕೊಡುವುದಿಲ್ಲ. ಮನೆಯ ವರಮಾನ ನೋಡಿ ಕೊಡುತ್ತದೆ. ವರಮಾನ ವರ್ಷಕ್ಕೆ 2 ಲಕ್ಷ ಡಾಲರ್ ಒಳಗಿದ್ದರೆ ಸಾಮಾನ್ಯವಾಗಿ ಟ್ಯೂಷನ್ ಫೀ ಇಲ್ಲ. ಮೊಣಕಾಲು ಮುರಿದು ಆಟ ಬಿಟ್ಟರೂ ಆ ನೆರವು ನಿಲ್ಲುವುದಿಲ್ಲ. ಇದು ಸುಮ್ನೆ ಮಾತಲ್ಲ, ಅಲ್ವಾ?

ಅಲಬಾಮಾ ತಂಡದಲ್ಲಿ 105 ಜನರಿಗೆ ಜಾಗ, ಕೂರಲು ಲಕ್ಷ ಜನರ ಸ್ಟೇಡಿಯಂ. ಹಿಂದಿನ ಕೋಚ್ ನಿಕ್ ಸೇಬನ್ 2024ರಲ್ಲಿ ನಿವೃತ್ತರಾದ ಮೇಲೆ ಕೇಲನ್ ಡಿಬೋರ್ ಕೋಚ್. ಎನ್‌ಎಫ್‌ಎಲ್, ಅಂದರೆ ವೃತ್ತಿಪರ ಫುಟ್‌ಬಾಲ್ ಲೀಗ್‌ನ ಕನಸಿದ್ದರೆ ಇಲ್ಲೇ. ಹಾರ್ವರ್ಡ್‌ನ ಸ್ಟೇಡಿಯಂ 1903ರದು, ಚಿಕ್ಕದು.

ಓದಿನ ಲೆಕ್ಕಕ್ಕೆ ಎಪಿಆರ್ ಅಂಕ ನೋಡಿ, ಅಂದರೆ ತಂಡದ ಆಟಗಾರರ ಓದಿನ ಪ್ರಗತಿ ಅಳೆಯುವ ಅಂಕ. ಪ್ರತಿ ಸೆಮಿಸ್ಟರ್‌ಗೆ ಆಟಗಾರನಿಗೆ ಎರಡು ಅಂಕ: ಕಾಲೇಜಿನಲ್ಲಿ ಉಳಿದರೆ ಒಂದು, ಓದಿನಲ್ಲಿ ಅರ್ಹನಾಗಿದ್ದರೆ ಇನ್ನೊಂದು. ಇಡೀ ತಂಡದ ಅಂಕಗಳನ್ನು 1000ಕ್ಕೆ ಲೆಕ್ಕ ಹಾಕುತ್ತಾರೆ; ನಾಲ್ಕು ವರ್ಷದ ಸರಾಸರಿ 930 ಮುಟ್ಟದಿದ್ದರೆ ತಂಡಕ್ಕೆ ಸೀಸನ್ ನಂತರದ ಪಂದ್ಯಗಳಿಲ್ಲ. ಆದರೆ ಯಾವ ಕೋರ್ಸ್ ಓದಿದ ಅಂತ ಈ ಅಂಕ ಹೇಳುವುದಿಲ್ಲ. ಅದನ್ನು ಕೋಚ್ ಹತ್ತಿರ ಅಲ್ಲ, ಹಿರಿಯ ಆಟಗಾರರ ಹತ್ತಿರ ಕೇಳಿ.