ಸೈಕಲ್‌ಗೆ ಫೋನ್ ಹೋಲ್ಡರ್ ಬೇಕಾ, ತಂತಿ ಮೀಟರ್ ಸಾಕಾ?

ಮೊದಲೇ ಹೇಳಿಬಿಡುತ್ತೇನೆ, ಸೈಕಲ್ ತುಳಿಯುವಾಗ ಫೋನ್ ಇರಬೇಕಾದ ಜಾಗ ಬೆನ್ನ ಹಿಂದಿನ ಜೇಬು. ಕಣ್ಣೆದುರು ಬೇಕಾದದ್ದು ವೇಗ ಮತ್ತು ದೂರ ಅಷ್ಟೇ. ಅದಕ್ಕೆ ಸೈಕಲ್ ಅಂಗಡಿಯಲ್ಲಿ ನಾನು ಆರುನೂರು ರೂಪಾಯಿಗೆ ತಂದ ತಂತಿ ಮೀಟರ್ ಸಾಕು. ಹ್ಯಾಂಡಲ್‌ಗೆ ಫೋನ್ ಸಿಕ್ಕಿಸುವ ಹೋಲ್ಡರ್‌ಗೂ ಹೆಚ್ಚುಕಡಿಮೆ ಅಷ್ಟೇ ಕೊಟ್ಟಿದ್ದೆ, ಅದೀಗ ಹಳೇ ಬ್ರೇಕ್ ಕೇಬಲ್‌ಗಳ ಡಬ್ಬಿ ಸೇರಿದೆ. ಮೂರನೆಯದು ಜಿಪಿಎಸ್ ಕಂಪ್ಯೂಟರ್, ಸೈಕಲ್‌ಗೆಂದೇ ಇರುವ, ಹ್ಯಾಂಡಲ್ ಮೇಲೆ ಕೂರುವ ಪುಟ್ಟ ಯಂತ್ರ. ಅದು ನನ್ನದಲ್ಲ, ನನ್ನ ತಮ್ಮನದು. ಅವನು ಕೆಲಸದ ಮೇಲೆ ಊರುಬಿಟ್ಟಿದ್ದಾಗ ಅದನ್ನು ನನ್ನ ಸೈಕಲ್‌ಗೆ ಹಾಕಿಕೊಂಡು ಓಡಾಡಿದೆ.

ನನ್ನ ಓಡಾಟ ಎಂಥದ್ದು ಅಂತ ಹೇಳದಿದ್ದರೆ ಈ ಹೋಲಿಕೆ ನಿಮಗೆ ಉಪಯೋಗಕ್ಕೆ ಬರುವುದಿಲ್ಲ. ಮನೆ ಮೈಸೂರು. ವಾರದ ದಿನ ಕೆಲಸಕ್ಕೆ ಸೈಕಲ್, ಭಾನುವಾರ ನಂಜನಗೂಡು ಇಲ್ಲವೇ ಶ್ರೀರಂಗಪಟ್ಟಣ, ಕಾಲು ಒಪ್ಪಿದ ದಿನ ಚಾಮುಂಡಿ ಬೆಟ್ಟ. ಸೈಕಲ್ ಸೆಕೆಂಡ್ ಹ್ಯಾಂಡ್ ಹೈಬ್ರಿಡ್. ರೇಸಿನ ಹುಚ್ಚಿಲ್ಲ.

ಹೋಲ್ಡರ್ ನೋಡಲು ಗಟ್ಟಿಯಾಗೇ ಇತ್ತು. ಅಲ್ಯೂಮಿನಿಯಂ, ನಾಲ್ಕು ಉಗುರು, ಹಿಂದೆ ಒಂದು ತಿರುಪು. ಬಿಗಿದರೆ ಫೋನ್ ಅಲ್ಲಾಡುತ್ತಿರಲಿಲ್ಲ, ಬೀಳಲೂ ಇಲ್ಲ. ತೊಂದರೆ ಬಂದದ್ದು ಆ ಬಿಗಿತದಿಂದಲೇ. ನನ್ನ ಫೋನಿನ ಪವರ್ ಬಟನ್ ಬಲ ಅಂಚಿನ ನಡುವೆ ಇದೆ, ಉಗುರು ಹೋಗಿ ಕೂರುವುದು ಸರಿಯಾಗಿ ಅಲ್ಲೇ. ಫೋನನ್ನು ಒಂದಿಷ್ಟು ಕೆಳಗೆ ಎಳೆದರೆ ವಾಲ್ಯೂಮ್ ಬಟನ್ ಒತ್ತುತ್ತದೆ, ಮೇಲೆ ತಳ್ಳಿದರೆ ತಲೆಭಾರವಾಗಿ ಮುಂದಕ್ಕೆ ಬಾಗುತ್ತದೆ. ಹಂಪ್ಸ್ ಹಾರಿದಾಗೆಲ್ಲ ಪರದೆ ಆರಿಹೋಗುತ್ತಿತ್ತು. ಅದನ್ನಾದರೂ ಸಹಿಸಿಕೊಳ್ಳಬಹುದಿತ್ತು.

ಆದರೆ ನಮ್ಮ ಹೆದ್ದಾರಿಗಳಲ್ಲಿ ಊರು ಬರುವ ಮುಂಚೆ ಸಣ್ಣ ಸಣ್ಣ ಪಟ್ಟಿಗಳನ್ನು ಸಾಲಾಗಿ ಹಾಕಿರುತ್ತಾರಲ್ಲ, ನಂಜನಗೂಡಿನ ದಾರಿಯಲ್ಲಿ ಅಂಥದ್ದರ ಮೇಲೆ ಹೋದೆ. ಟಕ ಟಕ ಟಕ. ಉಗುರು ಬಟನ್ ಮೇಲೆ ಅಷ್ಟೇ ಸಲ ಕುಟ್ಟಿತು. ಪರದೆ ಕೆಂಪಾಯಿತು, ಫೋನ್ ತಾನಾಗಿ 112ಕ್ಕೆ ಕರೆ ಹೊರಡಿಸಿತು. ಸೈಕಲ್ ನಿಲ್ಲಿಸಿ, ಬೆವರು ಕೈಯಲ್ಲಿ ತಿರುಪು ಸಡಿಲಿಸಿ ಫೋನ್ ಈಚೆ ತೆಗೆಯುವಷ್ಟರಲ್ಲಿ ಆ ಕಡೆಯಿಂದ ಹೆಣ್ಣುಮಗಳೊಬ್ಬಳು ‘ಹೇಳಿ ಸಾರ್, ಏನಾಯ್ತು’ ಅಂತ ಕೇಳುತ್ತಿದ್ದಳು. ಏನಾಯ್ತು ಅಂತ ಹೇಳುವುದು?

ಇದು ಫೋನ್ ಕೆಟ್ಟದ್ದಲ್ಲ. ತುರ್ತು ಕರೆಯ ಸೌಲಭ್ಯ ಎಲ್ಲ ಮೊಬೈಲಿನಲ್ಲೂ ಇರಬೇಕು ಎಂದು ಕೇಂದ್ರ ಸರ್ಕಾರ 2016ರಲ್ಲೇ ನಿಯಮ ಮಾಡಿದೆ. ಪವರ್ ಬಟನ್ ಬೇಗಬೇಗ ಮೂರು ಸಲ ಒತ್ತಿದರೆ ಕರೆ ಹೋಗಬೇಕು ಅನ್ನುವುದು ಅದರಲ್ಲೇ ಇದೆ. ಈಗಿನ ಕೆಲವು ಫೋನುಗಳಲ್ಲಿ ಐದು ಸಲ. ಸೆಟ್ಟಿಂಗ್ಸ್‌ನಲ್ಲಿ ಎಮರ್ಜೆನ್ಸಿ ಎಸ್‌ಒಎಸ್ ಆಫ್ ಮಾಡಬಹುದು, ನಿಜ. ಆದರೆ ಬೆಳಗಿನ ಜಾವ ಒಬ್ಬನೇ ಹೆದ್ದಾರಿಯಲ್ಲಿ ಹೋಗುವವನಿಗೆ ಆ ಸೌಲಭ್ಯ ಬೇಡವಾದರೆ ಇನ್ಯಾರಿಗೆ ಬೇಕು? ಬ್ಲೇಡ್ ತೆಗೆದುಕೊಂಡು ಆ ಉಗುರಿನ ರಬ್ಬರ್ ಕೊರೆದೂ ನೋಡಿದೆ. ಬಟನ್ ಏನೋ ಬಿಡುಗಡೆಯಾಯಿತು, ಫೋನ್ ಮೂರೇ ಉಗುರಿನ ಮೇಲೆ ನಿಂತು ವಾಲತೊಡಗಿತು. ಅಲ್ಲಿಗೆ ಹೋಲ್ಡರ್ ಡಬ್ಬಿ ಸೇರಿತು.

ಇನ್ನೂ ಒಂದೆರಡು ಕಾರಣ ಇವೆ. ಪರದೆ ಸದಾ ಉರಿಯುತ್ತಿದ್ದರೆ ಬ್ಯಾಟರಿ ಕರಗುತ್ತದೆ, ಮಳೆಹನಿ ಬಿದ್ದರೆ ಟಚ್ ತನ್ನಿಷ್ಟ ಬಂದಂತೆ ಕುಣಿಯುತ್ತದೆ. ಐಫೋನ್ ಇರುವವರು ಗಮನಿಸಿ: 0ರಿಂದ 35 ಡಿಗ್ರಿ ಸೆಲ್ಸಿಯಸ್ ಒಳಗೆ ಬಳಸಿ ಎಂದು ಆಪಲ್ ಹೇಳುತ್ತದೆ, ಏಪ್ರಿಲ್ ಬಿಸಿಲಲ್ಲಿ ಹ್ಯಾಂಡಲ್ ಮೇಲೆ ಅದು ಸಾಧ್ಯವೇ? ಮೋಟಾರ್‌ಸೈಕಲ್ ಎಂಜಿನ್ನಿನ ಜೋರು ಕಂಪನದಿಂದ ಕ್ಯಾಮೆರಾದ ಸ್ಟೆಬಿಲೈಸೇಷನ್ ಕೆಡಬಹುದು ಎಂದು 2021ರಲ್ಲಿ ಅದೇ ಕಂಪನಿ ಎಚ್ಚರಿಸಿತ್ತು. ಸೈಕಲ್‌ಗೆ ಎಂಜಿನ್ ಇಲ್ಲ, ರಸ್ತೆಗುಂಡಿಗಳಂತೂ ಇವೆ.

ಈಗ ಜೇಬಿನ ಫೋನ್. ಮನೆ ಬಿಡುವಾಗ ಆ್ಯಪಿನಲ್ಲಿ ದಾರಿಯ ರೆಕಾರ್ಡಿಂಗ್ ಶುರುಮಾಡಿ, ವಾಟ್ಸ್ಆ್ಯಪ್‌ನಲ್ಲಿ ಎಂಟು ಗಂಟೆಯ ಲೈವ್ ಲೊಕೇಶನ್ ನಮ್ಮನೆಯವಳಿಗೆ ಕಳಿಸಿ, ಜಿಪ್ ಕವರ್‌ನಲ್ಲಿ ಹಾಕಿ ಜೇಬಿಗಿಟ್ಟರೆ ಮುಗಿಯಿತು. ಕವರ್ ಮಳೆಗಲ್ಲ, ಬೆನ್ನ ಬೆವರಿಗೆ. ಹೊಸ ದಾರಿಯಾದರೆ ಓಸ್ಮ್ಆ್ಯಂಡ್ ಎಂಬ ನಕ್ಷೆಯ ಆ್ಯಪ್‌ನಲ್ಲಿ ಕರ್ನಾಟಕದ ನಕ್ಷೆ ಇಳಿಸಿಕೊಂಡಿರುತ್ತೇನೆ. ಜನರೇ ಸೇರಿ ಮಾಡಿದ ಓಪನ್‌ಸ್ಟ್ರೀಟ್‌ಮ್ಯಾಪ್ ನಕ್ಷೆ, ನೆಟ್‌ವರ್ಕ್ ಬೇಡ, ಸೈಕಲ್‌ಗೇ ಬೇರೆ ಆಯ್ಕೆ ಇದೆ, ಏರುತಗ್ಗಿನ ಚಿತ್ರವೂ ಸಿಗುತ್ತದೆ. ಗೂಗಲ್ ಮ್ಯಾಪ್ಸ್ 2017ರ ಕೊನೆಗೆ ನಮ್ಮ ದೇಶಕ್ಕೆಂದೇ ತಂದ ಟೂ ವೀಲರ್ ಮೋಡ್ ಮೋಟಾರ್ ಬೈಕಿನದ್ದು. ಬೈಕಿಗೆ ಏರು ಒಂದು ಲೆಕ್ಕವೇ ಅಲ್ಲ. ತಿರುವು ಬಂದಾಗ ಫೋನ್ ಜೇಬಿನಿಂದಲೇ ಮಾತಾಡುತ್ತದೆ. ಇಯರ್‌ಫೋನ್ ಹಾಕುವುದಿಲ್ಲ, ಹಿಂದಿನ ಲಾರಿ ನನಗೆ ಕೇಳಬೇಕು. ಪೇಟೆಯ ಗಲಾಟೆಯಲ್ಲಿ ಅದರ ಮಾತು ಕೇಳಿಸದು, ಪೇಟೆಯಲ್ಲಿ ನನಗೆ ದಾರಿ ಗೊತ್ತು.

ಇದರಲ್ಲೂ ಒಂದು ಕಿರಿಕಿರಿ ಉಂಟು. ಪರದೆ ಆರಿಸಿ ಜೇಬಿಗಿಟ್ಟರೆ ಕೆಲವು ಆಂಡ್ರಾಯ್ಡ್ ಫೋನುಗಳು ಬ್ಯಾಟರಿ ಉಳಿಸುವ ನೆಪದಲ್ಲಿ ಆ್ಯಪನ್ನೇ ಮುಚ್ಚಿಬಿಡುತ್ತವೆ. ಮನೆಗೆ ಬಂದು ನೋಡಿದರೆ ಕಬಿನಿ ಹೊಳೆಯ ಹತ್ತಿರದಿಂದ ನಮ್ಮ ಬೀದಿಗೆ ಗೆರೆ ಎಳೆದಂತೆ ನೇರ ದಾರಿ! ಆ ಆ್ಯಪಿನ ಬ್ಯಾಟರಿ ಬಳಕೆಯನ್ನು ‘ಅನ್‌ರಿಸ್ಟ್ರಿಕ್ಟೆಡ್’ ಮಾಡಿ, ಇತ್ತೀಚಿನ ಆ್ಯಪ್‌ಗಳ ಪಟ್ಟಿಯಲ್ಲಿ ಬೀಗ ಹಾಕಿದ ಮೇಲೆ ಸರಿಹೋಯಿತು. ಯಾವ ಕಂಪನಿಯ ಫೋನಿನಲ್ಲಿ ಏನು ಬದಲಿಸಬೇಕು ಎಂಬುದು ‘ಡೋಂಟ್ ಕಿಲ್ ಮೈ ಆ್ಯಪ್’ ಎಂಬ ತಾಣದಲ್ಲಿದೆ.

ತಂತಿ ಮೀಟರ್ ಬಗ್ಗೆ ಹೇಳುವುದು ಕಡಿಮೆ. ಮುಂದಿನ ಚಕ್ರದ ಕಡ್ಡಿಗೆ ಒಂದು ಅಯಸ್ಕಾಂತ, ಫೋರ್ಕಿಗೆ ಸೆನ್ಸರ್, ಎರಡರ ನಡುವೆ ಬೆರಳು ತೂರದಷ್ಟು ಸಂದು. ಚಕ್ರದ ಸುತ್ತಳತೆಯನ್ನು ಮಿಲಿಮೀಟರಿನಲ್ಲಿ ಕೊಡಬೇಕು. ಟೈರ್ ಅಳತೆಗಳ ಪಟ್ಟಿ ನೋಡಿ ಹಾಕಬೇಡಿ. ಟೈರಿಗೂ ನೆಲಕ್ಕೂ ಸೀಮೆಸುಣ್ಣದ ಗುರುತು ಹಾಕಿ, ಸೀಟಿನ ಮೇಲೆ ಕೂತು ಒಂದು ಸುತ್ತು ಮುಂದೆ ಹೋಗಿ, ಟೇಪಿನಲ್ಲಿ ಅಳೆಯಿರಿ. ಕೂತಾಗ ಟೈರ್ ಒತ್ತಿಕೊಳ್ಳುವುದೂ ಲೆಕ್ಕಕ್ಕೆ ಬರುತ್ತದೆ. ಈ ಅಳತೆ ನೂರಕ್ಕೆ ಎರಡು ತಪ್ಪಿದರೆ ದೂರವೂ ಅಷ್ಟೇ ತಪ್ಪುತ್ತದೆ. ಮರದ ನೆರಳು, ಮೋಡ, ಸಿಗ್ನಲ್ ಯಾವುದರ ಹಂಗೂ ಇದಕ್ಕಿಲ್ಲ. ಕತ್ತಲಲ್ಲಿ ಕಾಣುವುದಿಲ್ಲ, ನನ್ನದರಲ್ಲಿ ಲೈಟ್ ಇಲ್ಲ.

ತಮ್ಮನ ಜಿಪಿಎಸ್ ಕಂಪ್ಯೂಟರ್ ಒಳ್ಳೆಯ ವಸ್ತು, ಸುಮ್ಮನೆ ಹೇಳಬಾರದು. ನಡುಹಗಲಲ್ಲೂ ಪರದೆ ಸ್ಪಷ್ಟ, ಮಳೆಯಲ್ಲೂ ಬಟನ್ ಕೆಲಸ ಮಾಡುತ್ತದೆ, ಒಳಗೆ ಗಾಳಿಯೊತ್ತಡ ಅಳೆಯುವ ಸೆನ್ಸರ್ ಇರುವುದರಿಂದ ಬೆಟ್ಟದ ಏರನ್ನು ಫೋನಿನ ಬರೀ ಜಿಪಿಎಸ್‌ಗಿಂತ ನಂಬಬಹುದು. ಬೆಲೆ ಕೇಳಿದರೆ ನನ್ನ ಸೈಕಲ್ಲಿಗಿಂತ ಜಾಸ್ತಿ. 200 ಕಿಲೋಮೀಟರನ್ನು ಹದಿಮೂರೂವರೆ ಗಂಟೆಯೊಳಗೆ ಮುಗಿಸುವ ‘ಬ್ರೆವೆ’ ಎಂಬ ದೂರದ ಸವಾರಿಗೆ ಹೋಗುವವರು ಕಣ್ಣುಮುಚ್ಚಿ ಕೊಳ್ಳಿ. ತಮ್ಮ ಅದಕ್ಕೇ ಕೊಂಡದ್ದು.

ನನ್ನ ಫೋನ್ ಕೈಯಲ್ಲಿದ್ದು ದುಡಿದದ್ದು ಸೈಕಲ್ ಕೊಳ್ಳುವಾಗ. ಸೆಕೆಂಡ್ ಹ್ಯಾಂಡ್ ನೋಡಲು ಹೋದರೆ ಟಾರ್ಚ್ ಹಾಕಿ ಪೆಡಲ್ ಇರುವ ಜಾಗದ ಅಡಿಭಾಗ ನೋಡಿ. ಫ್ರೇಮ್ ನಂಬರ್ ಸಾಮಾನ್ಯವಾಗಿ ಅಲ್ಲೇ ಇರುತ್ತದೆ, ಫೋಟೊ ತೆಗೆದುಕೊಳ್ಳಿ. ಬೆಸುಗೆಯ ಬಿರುಕೂ ಹಾಗೇ ಕಣ್ಣಿಗೆ ಬೀಳುತ್ತದೆ. ಹಿಂದಿನ ಚಕ್ರ ಎತ್ತಿ ತಿರುಗಿಸಿ, ಬ್ರೇಕ್ ರಬ್ಬರಿನ ಹತ್ತಿರ ಸ್ಲೋ ಮೋಷನ್ ವಿಡಿಯೊ ಮಾಡಿ. ಬರಿಗಣ್ಣಿಗೆ ಕಾಣದ ಬೆಂಡ್ ಅಲ್ಲಿ ಕಾಣುತ್ತದೆ. ನಾನು ನೋಡಿದ ಒಂದು ಸೈಕಲ್ ಜಾಹೀರಾತಿನಲ್ಲಿ ‘ಬಳಸಿಯೇ ಇಲ್ಲ’ ಅಂತಿತ್ತು, ಹತ್ತಿರದ ಫೋಟೊ ತೆಗೆದು ಹಿಗ್ಗಿಸಿದರೆ ಚೈನ್ ಕೂರುವ ಹಿಂದಿನ ಹಲ್ಲುಗಳು ಗರಗಸದ ಹಾಗೆ ಮೊನಚಾಗಿದ್ದವು.

ಅಳತೆಗೆ ಮಾತ್ರ ಫೋನ್ ನಂಬಬೇಡಿ. ಹೊಸ ಚೈನಿನಲ್ಲಿ ಒಂದು ಪಿನ್ನಿನಿಂದ 24 ಕೊಂಡಿ ಆಚೆಗಿನ ಪಿನ್ನಿಗೆ ಸರಿಯಾಗಿ 12 ಇಂಚು. ಅದು ಇಂಚಿನ ಹದಿನಾರನೇ ಒಂದು ಭಾಗ ಹಿಗ್ಗಿದ್ದರೆ ಚೈನ್ ಬದಲಿಸಬೇಕು, ಎಂಟನೇ ಒಂದು ಭಾಗವಾದರೆ ಹಲ್ಲುಗಳಿಗೂ ಸೇರಿಸಿ ಖರ್ಚು. ಕ್ಯಾಮೆರಾ ಹಿಡಿದು ಅಳೆಯುವ ಆ್ಯಪ್‌ಗೆ ಈ ಸೂಕ್ಷ್ಮ ಸಿಗುವುದಿಲ್ಲ, ಮಕ್ಕಳ ಸ್ಟೀಲ್ ಸ್ಕೇಲ್ ಒಯ್ಯಿರಿ. ಎತ್ತರ ಕೇಳಿ ಸೈಜ್ ಹೇಳುವ ಆ್ಯಪ್‌ಗಳೂ ಅಷ್ಟೇ, ಒಂದು ಕಂಪನಿಯ ಎಂ ಇನ್ನೊಂದರ ಎಂ ಅಲ್ಲ. ಗೋಡೆಗೊರಗಿ ನಿಂತು ತೊಡೆಸಂದಿನಿಂದ ನೆಲದವರೆಗೆ ಅಳೆದು 0.883ರಿಂದ ಗುಣಿಸಿದರೆ ಪೆಡಲ್ ಕೈಗಳು ಸುತ್ತುವ ನಡು ಅಚ್ಚಿನಿಂದ ಸೀಟಿನ ಮೇಲ್ಭಾಗಕ್ಕೆ ಎಷ್ಟಿರಬೇಕು ಅಂತ ಸುಮಾರಾಗಿ ಗೊತ್ತಾಗುತ್ತದೆ. 80 ಸೆಂಟಿಮೀಟರ್ ಇದ್ದವರಿಗೆ 70.6. ಸೀಟನ್ನು ಅಷ್ಟಕ್ಕೆ ಏರಿಸಿ ಒಂದು ಸುತ್ತು ತುಳಿದು ನೋಡದೆ ದುಡ್ಡು ಕೊಡಬೇಡಿ.

ಎರಡು ಸಾವಿರದೊಳಗೆ ಎಲ್ಲ ಮುಗಿಯಬೇಕು ಅನ್ನುವವರಿಗೆ ನನ್ನ ಪಟ್ಟಿ: ತಂತಿ ಮೀಟರ್, ಜಿಪ್ ಕವರ್, ಉಳಿದ ಹಣಕ್ಕೆ ಹಿಂದಿನ ಕೆಂಪು ದೀಪ ಮತ್ತು ಒಂದು ಕೈಪಂಪು. ಹೋಲ್ಡರ್ ಬೇಕೇ ಬೇಕು ಅಂದರೆ ನಿಮ್ಮ ಫೋನನ್ನು ಅಂಗಡಿಗೇ ಒಯ್ದು, ಉಗುರು ಎಲ್ಲಿ ಕೂರುತ್ತದೆ ಅಂತ ಹಾಕಿ ನೋಡಿ ತನ್ನಿ.