ಬೇರು ನೋಡುವ ಗಾಜಿನ ಪೆಟ್ಟಿಗೆ: ಕೊಂಡದ್ದು ಸಾರ್ಥಕ

ಒಂದು ಬದಿಗೆ ಗಾಜಿರುವ ತೆಳು ಪೆಟ್ಟಿಗೆ ಇದು. ನಾನು ಬಾರ್ಲಿ ಬಿತ್ತಿ, ಮಣ್ಣಿನ ನಡುವಿನ ಪದರಕ್ಕೆ ಮಾತ್ರ ನೈಟ್ರೇಟ್ ಗೊಬ್ಬರ ಹಾಕಿದೆ. ಮೂರನೇ ವಾರಕ್ಕೆ ನೋಡಿದರೆ ಕವಲು ಬೇರುಗಳು ಅಲ್ಲೇ ಪೊದೆಯ ಹಾಗೆ ತುಂಬಿಕೊಂಡಿವೆ! 1970ರ ದಶಕದಲ್ಲಿ ವಿಜ್ಞಾನಿಗಳು ಬಾರ್ಲಿಯಲ್ಲೇ ತೋರಿಸಿದ್ದ ಸಂಗತಿ, ಆದರೂ ಕಣ್ಣಾರೆ ಕಂಡಾಗ ಮೈ ಜುಮ್ಮೆಂದಿತು.

ಬೇರಿಗೆ ಇದು ಹೇಗೆ ಗೊತ್ತಾಗುತ್ತದೆ? ಅರಾಬಿಡಾಪ್ಸಿಸ್ ಎಂಬ ಪುಟ್ಟ ಗಿಡದಲ್ಲಿ ಇದನ್ನು ಚೆನ್ನಾಗಿ ಬಿಡಿಸಿ ನೋಡಿದ್ದಾರೆ. ಅಲ್ಲಿ ಎನ್‌ಆರ್‌ಟಿ 1.1 ಎಂಬ ಪ್ರೋಟೀನ್ ನೈಟ್ರೇಟನ್ನು ಹೀರುತ್ತದೆ, ಎಷ್ಟಿದೆ ಅಂತ ಅಳೆಯುತ್ತದೆ ಕೂಡ. ನೈಟ್ರೇಟ್ ಕಡಿಮೆ ಇದ್ದರೆ ಅದು ಬೆಳವಣಿಗೆಗೆ ಬೇಕಾದ ಆಕ್ಸಿನ್ ಹಾರ್ಮೋನನ್ನು ಎಳೆ ಕವಲಿನ ತುದಿಯಿಂದ ಆಚೆ ಸಾಗಿಸುತ್ತದೆ, ಕವಲು ಅಲ್ಲೇ ನಿಂತುಬಿಡುತ್ತದೆ. ನೈಟ್ರೇಟ್ ಜಾಸ್ತಿ ಸಿಕ್ಕರೆ ಆ ಸಾಗಣೆ ನಿಂತು, ಆಕ್ಸಿನ್ ತುದಿಯಲ್ಲೇ ಉಳಿದು, ಕವಲು ಮುಂದೆ ಬೆಳೆಯುತ್ತದೆ. ಎಷ್ಟು ಚೆಂದದ ಲೆಕ್ಕ ಅಲ್ವಾ?

ಕೊರತೆ ಒಂದಿದೆ. ಗಾಜಿನ ಮೇಲೆ ಹಾಕುವ ಮುಚ್ಚಳ ಸಡಿಲ, ಬೆಳಕು ನುಸುಳುತ್ತದೆ, ಬೇರು ಬೆಳಕಿನಿಂದ ದೂರ ಸರಿಯುತ್ತದೆ. ನಾನು ಕಪ್ಪು ಬಟ್ಟೆ ಸುತ್ತಿದೆ. ನೀರು ಮಾತ್ರ ಸ್ವಲ್ಪಸ್ವಲ್ಪವೇ ಹಾಕಿ, ಯಾಕಂದರೆ ನೈಟ್ರೇಟ್ ನೀರಿನ ಜೊತೆ ಕೆಳಗಿಳಿದುಬಿಡುತ್ತದೆ.