ಪೆಲೆಟ್ ಸ್ಟವ್‌ಗೆ ಥರ್ಮೋಸ್ಟಾಟ್: ಕೆಲವು ಚಳಿಗಾಲ ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಪೆಲೆಟ್ ಸ್ಟವ್ (ಮರದ ಹೊಟ್ಟಿನ ತುಂಡು ಉರಿಸಿ ಮನೆ ಬೆಚ್ಚಗೆ ಮಾಡುವ ಒಲೆ) ಇರುವವರು ಥರ್ಮೋಸ್ಟಾಟ್ (ಕೋಣೆಯ ಬಿಸಿ ನೋಡಿ ಉರಿಯನ್ನು ತಾನಾಗಿ ಏರಿಸಿ ಇಳಿಸುವ ಸಾಧನ) ಹಾಕಿಸಿಕೊಳ್ಳಿ. ಆದರೆ ದುಬಾರಿ ಸ್ಮಾರ್ಟ್ ಥರ್ಮೋಸ್ಟಾಟ್ ಬೇಡ. ಬ್ಯಾಟರಿಯಲ್ಲಿ ನಡೆಯುವ ಸಾದಾ ಥರ್ಮೋಸ್ಟಾಟ್ ಸಾಕು. ಅದರಲ್ಲಿ ‘ಸ್ವಿಂಗ್’ ಬದಲಾಯಿಸಲು ಬಂದರೆ ಆಯಿತು. ಈ ಸ್ವಿಂಗ್ ಯಾಕೆ ಅಷ್ಟು ಮುಖ್ಯ ಅಂತ ಮುಂದೆ ಹೇಳುತ್ತೇನೆ.

ನಾವಿರುವುದು ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನ ದಕ್ಷಿಣ ಭಾಗದಲ್ಲಿ. ಜನವರಿ ರಾತ್ರಿ ಮೈನಸ್ 15 ಸೆಲ್ಸಿಯಸ್ ಇಲ್ಲಿ ಸುದ್ದಿಯೇ ಅಲ್ಲ. ನಮ್ಮ ಬೀದಿಗೆ ಗ್ಯಾಸ್ ಪೈಪ್ ಬಂದಿಲ್ಲ. ನೆಲಮಾಳಿಗೆಯಲ್ಲಿ ಆಯಿಲ್ ಬಾಯ್ಲರ್ ಇದೆ, ಆಯಿಲ್ ಉರಿಸಿ ಕಾಯಿಸಿದ ನೀರನ್ನು ಪೈಪ್‌ಗಳಲ್ಲಿ ಹರಿಸಿ ಮನೆ ಬೆಚ್ಚಗಿಡುತ್ತದೆ. ಆಯಿಲ್ ಬಿಲ್ ನೋಡಿ ನೋಡಿ ಸಾಕಾಗಿ ಹಾಲ್‌ನಲ್ಲಿ ಪೆಲೆಟ್ ಸ್ಟವ್ ಹಾಕಿಸಿದೆವು. ಒಂದು ಟನ್ ಪೆಲೆಟ್ ಕೊಡುವ ಶಾಖ ಹೆಚ್ಚುಕಡಿಮೆ 120 ಗ್ಯಾಲನ್ ಆಯಿಲ್‌ಗೆ ಸಮ. ಆ ವರ್ಷದ ಎರಡರ ಬೆಲೆಯನ್ನೂ ಪಕ್ಕದಲ್ಲಿಟ್ಟು ನೋಡಿದರೆ ಲಾಭವೋ ನಷ್ಟವೋ ನಿಮಗೇ ಗೊತ್ತಾಗುತ್ತದೆ.

ಗೊತ್ತಿಲ್ಲದವರಿಗಾಗಿ: ಪೆಲೆಟ್ ಅಂದರೆ ಮರದ ಹೊಟ್ಟನ್ನು ಒತ್ತಿ ಮಾಡಿದ, ಸುಮಾರು 6 ಮಿ.ಮೀ. ದಪ್ಪದ ತುಂಡುಗಳು. 40 ಪೌಂಡ್, ಅಂದರೆ 18 ಕಿಲೋ ಚೀಲದಲ್ಲಿ ಬರುತ್ತವೆ. 50 ಚೀಲಕ್ಕೆ ಇಲ್ಲಿಯ ಒಂದು ಟನ್. ಸ್ಟವ್‌ನ ಹಾಪರ್‌ಗೆ ಸುರಿದರೆ ‘ಆಗರ್’ ಅನ್ನುವ ತಿರುಪು ಅವನ್ನು ಸ್ವಲ್ಪ ಸ್ವಲ್ಪವೇ ಬೆಂಕಿಗೆ ಹಾಕುತ್ತದೆ. ಇಗ್ನೈಟರ್ ಹೊತ್ತಿಸುತ್ತದೆ. ಒಂದು ಫ್ಯಾನ್ ಹೊಗೆಯನ್ನು ಹೊರಗೆ ಎಳೆಯುತ್ತದೆ, ಇನ್ನೊಂದು ಬಿಸಿ ಗಾಳಿಯನ್ನು ಕೋಣೆಗೆ ಊದುತ್ತದೆ. ಎಲ್ಲಕ್ಕೂ ಕರೆಂಟ್ ಬೇಕು. ಕರೆಂಟ್ ಹೋದರೆ ಸ್ಟವ್ ಕೂಡ ಹೋಯಿತು.

ಥರ್ಮೋಸ್ಟಾಟ್ ಇಲ್ಲದಾಗ ಸ್ಟವ್ ಮೇಲಿನ ಒಂದರಿಂದ ಐದರವರೆಗಿನ ಗುಂಡಿಯೇ ಗತಿ. ಮೂರಕ್ಕೆ ಇಟ್ಟರೆ ಮಧ್ಯಾಹ್ನ ಬಿಸಿಲು ಬಂದಾಗ ಹಾಲ್ ಕುದಿಯುತ್ತದೆ. ಎರಡಕ್ಕೆ ಇಳಿಸಿದರೆ ಬೆಳಗಿನ ಜಾವ ನಡುಕ. ಮನೆಯಲ್ಲಿ ಯಾರಾದರೊಬ್ಬರು ಗುಂಡಿ ತಿರುಗಿಸುತ್ತಲೇ ಇರಬೇಕು. ಒಬ್ಬರಿಗೆ ಸೆಕೆ, ಇನ್ನೊಬ್ಬರಿಗೆ ಚಳಿ, ಆ ಜಗಳ ಬೇರೆ.

ಜೋಡಿಸುವುದು ಸುಲಭ. ಸ್ಟವ್ ಹಿಂದೆ ಎರಡು ಸ್ಕ್ರೂ ಇರುತ್ತವೆ. ಕೆಲವು ಮಾಡೆಲ್‌ಗಳಲ್ಲಿ ಅವೆರಡರ ನಡುವೆ ಒಂದು ಚಿಕ್ಕ ಜಂಪರ್ ವೈರ್ ಹಾಕಿಯೇ ಕಳಿಸಿರುತ್ತಾರೆ. ಅದನ್ನು ತೆಗೆದು, ಆ ಸ್ಕ್ರೂಗಳಿಂದ ಥರ್ಮೋಸ್ಟಾಟ್‌ವರೆಗೆ 18 ಗೇಜ್‌ನ ಎರಡೆಳೆ ವೈರ್ ಎಳೆಯಬೇಕು. ಥರ್ಮೋಸ್ಟಾಟ್ ಇಲ್ಲಿ ಬರೀ ಸ್ವಿಚ್. ಚಳಿಯಾದರೆ ಎರಡು ವೈರ್ ಕೂಡಿಸುತ್ತದೆ, ಬೆಚ್ಚಗಾದರೆ ಬಿಡಿಸುತ್ತದೆ. ಬಹಳಷ್ಟು ಸ್ಮಾರ್ಟ್ ಥರ್ಮೋಸ್ಟಾಟ್‌ಗಳಿಗೆ 24 ವೋಲ್ಟ್ ಕೊಡುವ ‘ಸಿ ವೈರ್’ ಬೇಕು. ಸಾಮಾನ್ಯವಾಗಿ ಪೆಲೆಟ್ ಸ್ಟವ್‌ನಲ್ಲಿ ಅದು ಇರುವುದಿಲ್ಲ. ಬೇಕೇ ಬೇಕು ಅಂದರೆ ಬೇರೆ ಟ್ರಾನ್ಸ್‌ಫಾರ್ಮರ್, ಜೊತೆಗೆ ಒಂದು ರಿಲೇ (ಕರೆಂಟಿನಿಂದ ನಡೆಯುವ ಸ್ವಿಚ್). ಫೋನಲ್ಲಿ ಗುಂಡಿ ಒತ್ತುವ ಸುಖಕ್ಕೆ ಅಷ್ಟೆಲ್ಲ ಯಾಕೆ, ಅಲ್ವಾ? ಇನ್ನೊಂದು ಮಾತು. ಗೋಡೆ ಬದಿಯ ಎಲೆಕ್ಟ್ರಿಕ್ ಹೀಟರ್‌ಗೆ ಹಾಕುವ 120 ಅಥವಾ 240 ವೋಲ್ಟ್ ಥರ್ಮೋಸ್ಟಾಟ್ ಅಂಗಡಿಯಲ್ಲಿ ಅದೇ ಸಾಲಿನಲ್ಲಿ ಇರುತ್ತದೆ. ನೋಡಲೂ ಹಾಗೇ ಇರುತ್ತದೆ. ಅದನ್ನು ಮುಟ್ಟಬೇಡಿ.

ನಮ್ಮ ಥರ್ಮೋಸ್ಟಾಟ್ ಹಾಲ್‌ನ ಒಳಗೋಡೆ ಮೇಲೆ, ಸುಮಾರು ಐದಡಿ ಎತ್ತರದಲ್ಲಿದೆ. ಸ್ಟವ್ ಊದುವ ಗಾಳಿ ಅದಕ್ಕೆ ನೇರ ಬಡಿಯುವುದಿಲ್ಲ, ಬಿಸಿಲೂ ಬೀಳುವುದಿಲ್ಲ.

ಇನ್ನು ಸ್ವಿಂಗ್ ವಿಷಯ. ಥರ್ಮೋಸ್ಟಾಟನ್ನು 68 ಡಿಗ್ರಿ ಫ್ಯಾರನ್‌ಹೀಟ್‌ಗೆ (20 ಸೆಲ್ಸಿಯಸ್) ಇಟ್ಟರೆ, ಎಷ್ಟು ಇಳಿದ ಮೇಲೆ ಹೊತ್ತಿಸಬೇಕು, ಎಷ್ಟು ಏರಿದ ಮೇಲೆ ನಿಲ್ಲಿಸಬೇಕು ಅನ್ನುವ ಅಂತರವೇ ಸ್ವಿಂಗ್. ಗ್ಯಾಸ್ ಫರ್ನೇಸ್‌ಗೆ ಒಂದು ಡಿಗ್ರಿಯೋ ಅರ್ಧ ಡಿಗ್ರಿಯೋ ಸಾಕು, ಅದು ತಕ್ಷಣ ಹೊತ್ತಿ ತಕ್ಷಣ ಆರುತ್ತದೆ. ಪೆಲೆಟ್ ಸ್ಟವ್ ನಮ್ಮ ಊರಿನ ಬಚ್ಚಲ ಹಂಡೆ ಒಲೆಯ ಜಾತಿ. ಹೊತ್ತಿಕೊಳ್ಳಲೂ ನಿಧಾನ, ಆರಲೂ ನಿಧಾನ. ಜ್ವಾಲೆ ಏಳಲು ಐದು–ಹತ್ತು ನಿಮಿಷ. ಮೈ ಕಾದು ಸರಿಯಾಗಿ ಬಿಸಿ ಗಾಳಿ ಬರಲು ಇನ್ನಷ್ಟು ಹೊತ್ತು. ನಿಲ್ಲು ಅಂದ ಮೇಲೂ ಬರ್ನ್ ಪಾಟ್‌ನಲ್ಲಿ, ಅಂದರೆ ಪೆಲೆಟ್ ಉರಿಯುವ ಬಟ್ಟಲಿನಲ್ಲಿ, ಇರುವುದು ಉರಿದು ಮುಗಿಯಬೇಕು, ಸ್ಟವ್ ತಣಿಯುವವರೆಗೆ ಫ್ಯಾನ್ ತಿರುಗುತ್ತಲೇ ಇರುತ್ತದೆ. ಸ್ವಿಂಗ್ ಚಿಕ್ಕದಿದ್ದರೆ ಈ ಹೊತ್ತಿಸು–ಆರಿಸು ಆಟ ಇಡೀ ದಿನ ನಡೆಯುತ್ತದೆ. ಪ್ರತಿ ಸಲ ಹೊತ್ತಿಸುವಾಗಲೂ ಇಗ್ನೈಟರ್ 300 ವಾಟ್‌ಗೂ ಮೇಲೆ ಕರೆಂಟ್ ಎಳೆಯುತ್ತದೆ, ಮತ್ತು ಅದು ಸವೆಯುವ ವಸ್ತು. ಹೊತ್ತಿಕೊಳ್ಳುವಾಗ ಏಳುವ ಹೊಗೆಯಿಂದ ಗಾಜೂ ಬೇಗ ಕಪ್ಪಾಗುತ್ತದೆ. ನಾವು ಸ್ವಿಂಗನ್ನು ಮೂರು ಡಿಗ್ರಿ ಫ್ಯಾರನ್‌ಹೀಟ್‌ಗೆ ಇಟ್ಟಿದ್ದೇವೆ. ಅಷ್ಟು ಏರಿಳಿತ ಮೈಗೆ ಗೊತ್ತೂ ಆಗುವುದಿಲ್ಲ.

ಸ್ಟವ್‌ನಲ್ಲಿ ಎರಡು ಮೋಡ್ ಇವೆ. ಹೈ–ಲೋ ಮೋಡ್‌ನಲ್ಲಿ ಮನೆ ಬೆಚ್ಚಗಾದರೆ ಬೆಂಕಿ ಆರುವುದಿಲ್ಲ, ಸಣ್ಣ ಉರಿಗೆ ಇಳಿಯುತ್ತದೆ. ಆನ್–ಆಫ್ ಮೋಡ್‌ನಲ್ಲಿ ಪೂರ್ತಿ ಆರುತ್ತದೆ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ನಮ್ಮದು ಹೈ–ಲೋ. ಸಣ್ಣ ಉರಿಗೆ ಗಂಟೆಗೆ ಸುಮಾರು ಒಂದು ಪೌಂಡ್ ಪೆಲೆಟ್ ಹೋಗುತ್ತದೆ, ಆ ಚಳಿಯಲ್ಲಿ ಅದು ದಂಡವಲ್ಲ. ಅಕ್ಟೋಬರ್ ಮತ್ತು ಏಪ್ರಿಲ್‌ನಲ್ಲಿ ಮಾತ್ರ ಸಣ್ಣ ಉರಿಯೇ ಜಾಸ್ತಿಯಾಗಿ ಕಿಟಕಿ ತೆಗೆಯುವ ಹಾಗಾಗುತ್ತದೆ. ಆಗ ಆನ್–ಆಫ್. ಹೈ–ಲೋದ ಇನ್ನೊಂದು ಉಪಕಾರ ಇಡ್ಲಿ ಹಿಟ್ಟಿಗೆ. ಸ್ಟವ್‌ನಿಂದ ನಾಲ್ಕೈದು ಅಡಿ ದೂರದ ಸ್ಟೂಲ್ ಮೇಲೆ ಪಾತ್ರೆ ಇಟ್ಟರೆ ಜನವರಿಯಲ್ಲೂ ಬೆಳಿಗ್ಗೆಗೆ ಉಬ್ಬಿರುತ್ತದೆ.

ರಾತ್ರಿ ಹತ್ತು ಡಿಗ್ರಿ (ಇಲ್ಲಿಂದ ಮುಂದೆ ಎಲ್ಲವೂ ಫ್ಯಾರನ್‌ಹೀಟ್) ಇಳಿಸಿ ಬೆಳಿಗ್ಗೆ ಏರಿಸುವ ಪ್ರೋಗ್ರಾಂ ಈ ಸ್ಟವ್‌ಗೆ ಒಗ್ಗುವುದಿಲ್ಲ. ಮನೆ ಮತ್ತೆ ಬೆಚ್ಚಗಾಗುವಷ್ಟರಲ್ಲಿ ಮಕ್ಕಳು ಸ್ಕೂಲ್ ಬಸ್ ಹತ್ತಿರುತ್ತಾರೆ. ಮೂರ್ನಾಲ್ಕು ಡಿಗ್ರಿ ಇಳಿಸಿ, ಏಳುವುದಕ್ಕೆ ಒಂದೆರಡು ಗಂಟೆ ಮೊದಲೇ ಏರಲು ಹೇಳಿಟ್ಟರೆ ಸಾಕು.

ಎರಡು ಥರ್ಮೋಸ್ಟಾಟ್ ಇರುವ ಮನೆಯ ತಲೆನೋವು ಬೇರೆಯೇ, ಮಾರುವವರು ಇದನ್ನು ಹೇಳುವುದಿಲ್ಲ. ನಮ್ಮ ಬಾಯ್ಲರ್‌ನ ಥರ್ಮೋಸ್ಟಾಟ್ ಹಾಲ್ ಪಕ್ಕದ ಪ್ಯಾಸೇಜ್‌ನಲ್ಲಿದೆ. ಸ್ಟವ್ ಹಾಲ್ ಬಿಸಿ ಮಾಡಿದರೆ ಅದಕ್ಕೆ ಇಡೀ ಮನೆಯೇ ಬೆಚ್ಚಗಿದೆ ಅನ್ನಿಸುತ್ತದೆ, ಬಾಯ್ಲರ್ ಏಳುವುದೇ ಇಲ್ಲ. ಹಾಲ್ 70 ಇರುವಾಗ ಕೊನೆಯ ಬೆಡ್‌ರೂಮ್ 60. ಅಮ್ಮ ಹಾಸನದಿಂದ ಬಂದಿದ್ದಾಗ ಹಾಲ್‌ನಲ್ಲೇ ಮಲಗುತ್ತೇನೆ ಅಂತ ಹಟ ಹಿಡಿದಿದ್ದರು. ಅದಕ್ಕಿಂತ ದೊಡ್ಡ ಅಪಾಯ ಪೈಪಿನದು. ಬಾಯ್ಲರ್‌ನ ಬಿಸಿನೀರಿನ ಪೈಪ್‌ಗಳು ಹೊರಗೋಡೆಗೆ ಅಂಟಿಕೊಂಡು ಹೋಗುತ್ತವೆ. ನೀರು ಹರಿಯದೆ ನಿಂತರೆ ಕಡು ಚಳಿಯಲ್ಲಿ ಹೆಪ್ಪುಗಟ್ಟಿ ಒಡೆಯಬಹುದು. ಹಾಗಾಗಿ ಬಾಯ್ಲರನ್ನು ಸ್ಟವ್‌ಗಿಂತ ನಾಲ್ಕು ಡಿಗ್ರಿ ಕೆಳಗೆ, 64ಕ್ಕೆ ಇಟ್ಟಿದ್ದೇವೆ. ಹಾಪರ್ ಖಾಲಿಯಾದರೆ ಅದು ತಾನಾಗಿ ಎದ್ದುಕೊಳ್ಳುತ್ತದೆ. ತುಂಬಾ ಚಳಿ ಇರುವ ರಾತ್ರಿ ಬಾಯ್ಲರನ್ನು ಏರಿಸಿ ಸ್ವಲ್ಪ ಹೊತ್ತು ನೀರು ಓಡಿಸುತ್ತೇವೆ. ಬಾಗಿಲ ಬುಡದಲ್ಲಿ ಚಿಕ್ಕ ಟೇಬಲ್ ಫ್ಯಾನ್ ಇಟ್ಟು ಬೆಡ್‌ರೂಮಿನ ತಣ್ಣನೆ ಗಾಳಿಯನ್ನು ಹಾಲ್ ಕಡೆ ಊದಿದರೆ ಬಿಸಿ ಗಾಳಿ ಮೇಲಿಂದ ಒಳಗೆ ಹೋಗುತ್ತದೆ. ಉಲ್ಟಾ ಅನ್ನಿಸಿದರೂ ಇದೇ ಸರಿ.

ಥರ್ಮೋಸ್ಟಾಟ್ ಬಂದ ಮಾತ್ರಕ್ಕೆ ಕೆಲಸವೇನೂ ತಪ್ಪಿಲ್ಲ. ಬರ್ನ್ ಪಾಟ್ ಕೆರೆಯಬೇಕು, ಬೂದಿ ತೆಗೆಯಬೇಕು, ಚೀಲ ಹೊರಬೇಕು. ಬೂದಿ ಒಂದು ಪರ್ಸೆಂಟ್‌ಗಿಂತ ಕಡಿಮೆ ಇರುವ ಪ್ರೀಮಿಯಂ ಪೆಲೆಟ್ ತಂದರೆ ಸ್ವಲ್ಪ ಹಗುರ. ಥರ್ಮೋಸ್ಟಾಟ್‌ನ ಬ್ಯಾಟರಿಯನ್ನು ಪ್ರತಿ ಅಕ್ಟೋಬರ್, ಹೊಗೆ ಪೈಪ್ ಗುಡಿಸುವ ದಿನವೇ ಬದಲಾಯಿಸಿ. ಅದು ಸತ್ತರೆ ಸ್ಟವ್ ಸುಮ್ನೆ ಕೂತಿರುತ್ತದೆ.

ಡಿಸೆಂಬರ್ ರಜೆಗೆ ಊರಿಗೆ ಹೋಗುವವರು ಇದನ್ನು ನಂಬಿ ಹೋಗಬೇಡಿ. ಹಾಪರ್ ತುಂಬಿಟ್ಟರೂ ಒಂದೆರಡು ದಿನಕ್ಕೆ ಖಾಲಿ. ನಾವು ಸ್ಟವ್ ಆರಿಸಿ, ತಣಿದ ಮೇಲೆ ಪ್ಲಗ್ ಕಿತ್ತು, ಬಾಯ್ಲರನ್ನು 58ಕ್ಕೆ ಇಟ್ಟು, ಆಯಿಲ್ ಟ್ಯಾಂಕ್ ತುಂಬಿಸಿ, ಪಕ್ಕದ ಮನೆಯವರ ಕೈಗೆ ಬೀಗದ ಕೈ ಕೊಟ್ಟು ಹೊರಡುತ್ತೇವೆ.